ಅಳಿವೆಯ ಕೆಸರಿನಿಂದ ಫೊರಾಮಿನಿಫೆರಾ ಹೆಕ್ಕುವುದು ಹೇಗೆ?

ಫೊರಾಮಿನಿಫೆರಾ ಎಂಬ ಸೂಕ್ಷ್ಮ ಜಲಜೀವಿಗಳಿಗೆ ಇರುವುದು ಒಂದೇ ಜೀವಕೋಶ. ಆದರೂ ಅವುಗಳಲ್ಲಿ ಬಹಳಷ್ಟು ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ, ಬೆಳೆದಂತೆಲ್ಲ ಅದಕ್ಕೆ ಒಂದೊಂದೇ ಕೋಣೆ ಸೇರಿಸುತ್ತ ಹೋಗುತ್ತವೆ. ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು.

ಅಲೆ ಹೊಡೆಯುವ ದಂಡೆಯ ದಪ್ಪ ಮರಳಿನಲ್ಲಿ ಹುಡುಕಬೇಡಿ. ಅಲ್ಲಿ ಸಿಕ್ಕರೂ ಸವೆದ ಚಿಪ್ಪುಗಳೇ ಹೆಚ್ಚು. ಕಾಳಿ, ಅಘನಾಶಿನಿಯಂಥ ನದಿಗಳ ಅಳಿವೆಯಲ್ಲಿ ಇಳಿತದ ಹೊತ್ತಿಗೆ ತೆರೆದುಕೊಳ್ಳುವ ನುಣ್ಣನೆಯ ಕೆಸರು ಒಳ್ಳೆಯದು. ಮೇಲಿನ 1 ಸೆಂ.ಮೀ. ಪದರವನ್ನಷ್ಟೇ ಚಮಚದಿಂದ ಕೆರೆದುಕೊಳ್ಳಿ. ನಾಲ್ಕೈದು ಚಮಚ ಸಾಕು. ಡಬ್ಬಿಯ ಮೇಲೆ ಜಾಗ, ದಿನಾಂಕ ಬರೆಯಿರಿ.

ಅದೇ ದಿನ ತೊಳೆದುಬಿಡಿ. ಕೆಸರು ಕೊಳೆಯತೊಡಗಿದರೆ ಆಮ್ಲ ಹುಟ್ಟಿ ಚಿಪ್ಪು ಕರಗುತ್ತದೆ. ಫಾರ್ಮಲಿನ್ ಹಾಕಿಟ್ಟರೂ ಇದೇ ಗತಿ, ಕ್ರಮೇಣ ಅದೂ ಹುಳಿಯಾಗುತ್ತದೆ. ಇಡಲೇಬೇಕಿದ್ದರೆ ಶೇ 70ಕ್ಕಿಂತ ಹೆಚ್ಚು ಸಾಂದ್ರತೆಯ ಎಥನಾಲ್ ವಾಸಿ. ಕಾಲೇಜು ಪ್ರಯೋಗಾಲಯದಲ್ಲಿ ಆ ಎಥನಾಲ್‌ಗೆ ಲೀಟರಿಗೆ 2 ಗ್ರಾಂ ರೋಸ್ ಬೆಂಗಾಲ್ ಎಂಬ ಬಣ್ಣ ಬೆರೆಸಿ ಎರಡು ವಾರ ಬಿಟ್ಟರೆ, ಕೆಸರು ತೆಗೆದಾಗ ಜೀವಂತವಿದ್ದವು ಗುಲಾಬಿ ಬಣ್ಣ ಹಿಡಿಯುತ್ತವೆ.

ಕೆಲಸ ಕೆಡುವುದು ಹೆಚ್ಚಾಗಿ ತೊಳೆಯುವಾಗಲೇ. ಒಂದು ಲೀಟರ್ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಕೆಸರನ್ನು ಒಂದೆರಡು ಗಂಟೆ ನೆನೆಸಿ, ತಾನಾಗಿ ಬಿಡಿಬಿಡಿಯಾಗಲಿ. ಆಮೇಲೆ 63 ಮೈಕ್ರಾನ್ ಅಗಲದ ಕಣ್ಣುಗಳಿರುವ ಜರಡಿಗೆ ಸುರಿದು ನಲ್ಲಿಯ ಸಣ್ಣ ಧಾರೆ ಬಿಡಿ. ಬೆರಳಿನಿಂದ ಉಜ್ಜಿದರೆ ತೆಳ್ಳನೆಯ ಕೊನೆಯ ಕೋಣೆಗಳು ಮುರಿಯುತ್ತವೆ, ಗುರುತಿಸಲು ಬೇಕಾದ ಚಿಪ್ಪಿನ ಬಾಯಿ ಇರುವುದೇ ಅಲ್ಲಿ. ಕೆಳಗಿಳಿಯುವ ನೀರು ತಿಳಿಯಾಗುವವರೆಗೂ ತೊಳೆಯಿರಿ. ಅವಸರಪಟ್ಟರೆ ಒಣಗಿದ ಮೇಲೆ ಉಪ್ಪಿನ ಹರಳು, ಜೇಡಿ ಅಂಟಿಕೊಂಡು ಏನೂ ಕಾಣದು.

ಉಳಿದದ್ದನ್ನು ತಟ್ಟೆಗೆ ಇಳಿಸಿ, ಗಾಳಿಯಾಡುವ ಕಡೆ ನೆರಳಲ್ಲಿ ಒಣಗಿಸಿ. ಕಪ್ಪು ಕಾಗದದ ಮೇಲೆ ಒಂದರ ಮೇಲೊಂದು ಬೀಳದಷ್ಟು ತೆಳುವಾಗಿ ಉದುರಿಸಿ, 20ರಿಂದ 40 ಪಟ್ಟು ಹಿಗ್ಗಿಸುವ ಸ್ಟೀರಿಯೋ ಸೂಕ್ಷ್ಮದರ್ಶಕದಡಿ ಸಾಲುಸಾಲಾಗಿ ನೋಡುತ್ತ ಹೋಗಿ. ಸುರುಳಿಯಾಗಿ, ಕೋಣೆಗಳ ನಡುವೆ ಆಳವಾದ ಗೆರೆಗಳಿದ್ದರೆ ಅಮೋನಿಯಾ ಇರಬಹುದು. ಅಳಿವೆಗಳಲ್ಲಿ ಬಲು ಸಾಮಾನ್ಯವಾದ ಕುಲ ಅದು. ಪಿಂಗಾಣಿಯಂತೆ ಬೆಳ್ಳಗೆ, ಉದ್ದುದ್ದ ಕೋಣೆಗಳು ಒಂದನ್ನೊಂದು ತಬ್ಬಿದಂತಿದ್ದರೆ ಕ್ವಿಂಕ್ವೆಲೋಕುಲಿನಾ. ಮರಿ ಶಂಖದ ಹುಳುಗಳೂ ಸುರುಳಿಯೇ, ಆದರೆ ಅವುಗಳ ಒಳಗೆ ಅಡ್ಡಗೋಡೆಗಳಿಲ್ಲ.

ಇಕ್ಕಳ ಬೇಡ, ಚಿಪ್ಪು ಪುಡಿಯಾಗುತ್ತದೆ. 000 ಸಂಖ್ಯೆಯ ಕುಂಚದ ತುದಿ ತುಸು ಒದ್ದೆ ಮಾಡಿ ಮುಟ್ಟಿಸಿದರೆ ತಾನೇ ಅಂಟಿ ಬರುತ್ತದೆ.

ಇನ್ನೊಂದು ಜಾಗದ ಕೆಸರು ಸೋಸುವ ಮುನ್ನ ಜರಡಿಯನ್ನು ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದಿ ತೊಳೆಯಿರಿ. ಹಳೆಯ ಚಿಪ್ಪೇನಾದರೂ ಕಣ್ಣುಗಳಲ್ಲಿ ಸಿಕ್ಕಿಕೊಂಡಿದ್ದರೆ ನೀಲಿಯಾಗುತ್ತದೆ; ಮುಂದಿನ ಎಣಿಕೆಯಲ್ಲಿ ಅದನ್ನು ಬಿಟ್ಟುಬಿಡಬಹುದು.