ದುರ್ಗದ ಗಾಳಿಗೆ ಹೊಂದುವ ರಾಕೆಟ್ ರಿಪೋರ್ಟ್

ಚಿತ್ರದುರ್ಗದಲ್ಲಿ ಎಂಜಿನಿಯರಿಂಗ್ ಓದುವಾಗ ನಮ್ಮ ತಂಡದ ರಾಕೆಟ್‌ಗೆ ಫೈನಲ್ ಡಿಸೈನ್ ರಿಪೋರ್ಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪೀಠಿಕೆಯನ್ನು ಆಮೇಲೆ ನೋಡಿಕೊಂಡರಾಯಿತೆಂದು ಮೊದಲು ತೂಕದ ಪಟ್ಟಿಗೆ ಕೈಹಾಕಿದೆ. ಉಳಿದ ಲೆಕ್ಕಗಳೆಲ್ಲ ಹೊರಡುವುದೇ ಅಲ್ಲಿಂದ.

ರಾಕೆಟ್ ವಿನ್ಯಾಸಕ್ಕೆ ಬಳಸುವ ಓಪನ್‌ರಾಕೆಟ್ ತಂತ್ರಾಂಶ ಪ್ರತಿ ಭಾಗಕ್ಕೂ ಒಂದು ತೂಕ ತೋರಿಸುತ್ತದೆ. ಆದರೆ ರೆಕ್ಕೆಗಳ ಬುಡಕ್ಕೆ ನಾವು ಮೆತ್ತಿದ ಎಪಾಕ್ಸಿ ಅಂಟು, ಮೇಲೆ ಹೊಡೆದ ಬಣ್ಣ ಎಷ್ಟೆಂದು ಅದಕ್ಕೇನು ಗೊತ್ತು? ಒಂದೊಂದನ್ನೂ ತಕ್ಕಡಿಗಿಟ್ಟು ಗ್ರಾಂ ಬರೆದುಕೊಂಡೆ. ಎಪಾಕ್ಸಿಯ ಭಾರ ಬೀಳುವುದು ಬಾಲದ ಕಡೆ, ಹಾಗಾಗಿ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ರಾಕೆಟ್ ಓಲಾಡದೆ ನೇರ ಹಾರಬೇಕಾದರೆ ಅದು ಒತ್ತಡ ಕೇಂದ್ರಕ್ಕಿಂತ, ಅಂದರೆ ಗಾಳಿಯ ಒತ್ತು ಒಟ್ಟಾಗಿ ಬೀಳುವ ಜಾಗಕ್ಕಿಂತ, ಕನಿಷ್ಠ ಒಂದು ಕೊಳವೆ ವ್ಯಾಸದಷ್ಟಾದರೂ ಮುಂದಿರಬೇಕು. ಮೋಟಾರ್ ಸಮೇತ ಜೋಡಿಸಿದ ರಾಕೆಟ್ಟನ್ನು ದಾರದಲ್ಲಿ ತೂಗುಬಿಟ್ಟು, ಸಮವಾಗಿ ನಿಂತ ಜಾಗಕ್ಕೆ ಕೆಂಪು ಟೇಪ್ ಸುತ್ತಿ ಫೋಟೊ ತೆಗೆದು, ತಂತ್ರಾಂಶದ ಚಿತ್ರದ ಪಕ್ಕದಲ್ಲೇ ಹಾಕಿದೆ. ಪರೀಕ್ಷಕರಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲವೆಂದೇ ನನ್ನ ನಂಬಿಕೆ.

ನಾನು ಹೆಚ್ಚು ಹೊತ್ತು ಕೂತದ್ದು ಪ್ಯಾರಾಚೂಟ್ ಅಧ್ಯಾಯಕ್ಕೆ. ಪಠ್ಯಗಳಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.225 ಕೆ.ಜಿ. ಎಂದಿರುತ್ತದೆ. ಅದು ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ತಾಪಮಾನದಲ್ಲಿ. ದುರ್ಗ ಇರುವುದು ಸುಮಾರು 730 ಮೀಟರ್ ಎತ್ತರದಲ್ಲಿ. ಬೇಸಿಗೆಯ 35 ಡಿಗ್ರಿಯಲ್ಲಿ ಇಲ್ಲಿ ಸಾಂದ್ರತೆ 1.05ರ ಆಸುಪಾಸಿಗೆ ಇಳಿಯುತ್ತದೆ. 2 ಕೆ.ಜಿ. ರಾಕೆಟ್ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಇಳಿಯಬೇಕು, ಪ್ಯಾರಾಚೂಟ್ ಗಾಳಿಯನ್ನು ಎಷ್ಟು ತಡೆಯುತ್ತದೆಂದು ಹೇಳುವ ಡ್ರ್ಯಾಗ್ ಗುಣಾಂಕ 0.75 ಎಂದುಕೊಳ್ಳಿ. ಪುಸ್ತಕದ ಲೆಕ್ಕದಲ್ಲಿ 1.23 ಮೀಟರ್ ವ್ಯಾಸದ ಬಟ್ಟೆ ಸಾಕು, ನಮ್ಮೂರಿನ ಗಾಳಿಗೆ 1.33 ಮೀಟರ್ ಬೇಕು. ಚಿಕ್ಕದನ್ನೇ ಕಟ್ಟಿದರೆ ರಾಕೆಟ್ ಸುಮಾರು 6.5ರ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಈ ಎರಡೂ ಲೆಕ್ಕಗಳನ್ನು ವರದಿಯಲ್ಲಿ ಅಕ್ಕಪಕ್ಕ ಇಟ್ಟೆ.

ಗಾಳಿಯ ವೇಗವನ್ನು ಅನುಬಂಧಕ್ಕೆ ತಳ್ಳೋಣವೆಂದು ತಂಡದಲ್ಲಿ ಕೆಲವರು ಹೇಳಿದರು, ನಾನು ಒಪ್ಪಲಿಲ್ಲ. ಜೋಗಿಮಟ್ಟಿ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲವಲ್ಲ. 2024ರ ಜೂನ್ 23ರಂದು ಇಸ್ರೋ ತನ್ನ ಮರುಬಳಕೆಯ ರೆಕ್ಕೆ ವಾಹನ ಪುಷ್ಪಕ್ ಅನ್ನು ನಮ್ಮದೇ ಜಿಲ್ಲೆಯ ಪರೀಕ್ಷಾ ವಲಯದಲ್ಲಿ ಮೂರನೇ ಸಲ ಇಳಿಸಿದಾಗ, ಹಿಂದಿನದಕ್ಕಿಂತ ಜೋರು ಗಾಳಿಯನ್ನು ತಾಳಿಕೊಳ್ಳುವುದೂ ಪರೀಕ್ಷೆಯ ಭಾಗವಾಗಿತ್ತು. ನಮ್ಮ ರಾಕೆಟ್ 300 ಮೀಟರಿನಿಂದ 6ರ ವೇಗದಲ್ಲಿ ಇಳಿಯಲು 50 ಸೆಕೆಂಡ್ ಬೇಕು. ಗಾಳಿ ಸೆಕೆಂಡಿಗೆ 4 ಮೀಟರ್ ಬೀಸಿದರೆ ರಾಕೆಟ್ 200 ಮೀಟರ್ ಆಚೆ ಹೋಗಿ ಬೀಳುತ್ತದೆ. ನಮ್ಮ ಬಯಲಿನ ಅಂಚಿನಲ್ಲೇ ಶೇಂಗಾ ಹೊಲ, ಅಲ್ಲಿ ಆಳುಗಳು ಕೆಲಸ ಮಾಡುತ್ತಿರುತ್ತಾರೆ. ಅದಕ್ಕೇ ವರದಿಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದೆ: ಗಾಳಿ ಸೆಕೆಂಡಿಗೆ 4 ಮೀಟರ್ ದಾಟಿದರೆ ಉಡಾವಣೆ ಇಲ್ಲ.