4 ಜಿಬಿ ರ‍್ಯಾಮಿನ ಹಳೆಯ ಡೆಸ್ಕ್‌ಟಾಪ್‌ನಲ್ಲಿ ವೈರ್‌ಶಾರ್ಕ್ ಕಂಪೈಲ್ ಮಾಡಿದ ಅನುಭವ

ಎರಡು ಕೋರ್, ನಾಲ್ಕು ಥ್ರೆಡ್, 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್ ಇರುವ ನನ್ನ ಲಿನಕ್ಸ್ ಯಂತ್ರದಲ್ಲಿ, ಜಾಲದಲ್ಲಿ ಹರಿಯುವ ದತ್ತಾಂಶವನ್ನು ಸೆರೆಹಿಡಿದು ಬಿಡಿಸಿ ತೋರಿಸುವ ವೈರ್‌ಶಾರ್ಕ್ 4ರ ಸೋರ್ಸ್ ಕೋಡನ್ನು ಕಂಪೈಲ್ ಮಾಡುತ್ತೇನೆ (ಓಡಿಸಬಲ್ಲ ಪ್ರೋಗ್ರಾಮ್ ಆಗಿ ಕಟ್ಟುತ್ತೇನೆ) ಎಂದಾಗ, ಈ ಕೆಲಸ ಬಲ್ಲ ಗೆಳೆಯರಿಬ್ಬರು ‘ಅದು ಆಗದ ಮಾತು, ಹೊಸ ಯಂತ್ರ ತೆಗೆದುಕೊಳ್ಳಿ’ ಎಂದಿದ್ದರು. ಈಗ ಅದೇ ಯಂತ್ರದಲ್ಲಿ ಎರಡು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಇಬ್ಬರಲ್ಲಿ ಒಬ್ಬರು ಕಳೆದ ವಾರ ಕಟ್ಟುವ ಕೆಲಸವನ್ನು ಸಿದ್ಧಗೊಳಿಸುವ ಸಿಮೇಕ್ ಎಂಬ ಸಾಧನಕ್ಕೆ ನಾನು ಕೊಟ್ಟ ಆಯ್ಕೆಗಳನ್ನು ಕೇಳಿ ಬರೆದುಕೊಂಡರು.

ಬೇಕಾದ ಲೈಬ್ರರಿಗಳನ್ನು (ಸಿದ್ಧ ಕೋಡಿನ ಕಟ್ಟುಗಳನ್ನು) ಹಾಕಿಕೊಳ್ಳುವ ಹಂತದಲ್ಲಿ ಹೇಳುವಂಥದ್ದೇನಿಲ್ಲ. ಟೂಲ್ಸ್ ಫೋಲ್ಡರಿನಲ್ಲಿರುವ ಡೆಬಿಯನ್ ಸೆಟಪ್ ಸ್ಕ್ರಿಪ್ಟ್ ಓಡಿಸಿದರೆ ಸಾಕು. ಅದನ್ನು ಗಮನಿಸದೆ ಒಂದು ಸಂಜೆಯಿಡೀ ಜಿಲಿಬ್, ಲಿಬ್‌ಜಿಕ್ರಿಪ್ಟ್, ಸಿ-ಆರೆಸ್ ಎಂದು ಒಂದೊಂದನ್ನೇ ಹುಡುಕಿ ಹಾಕಿದ್ದು ನನ್ನ ದಡ್ಡತನ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಕಡತಗಳನ್ನು ಕಂಪೈಲರಿಗೆ ಹಚ್ಚುವ ನಿಂಜಾ ಎಂಬ ಸಾಧನವನ್ನು ಓಡಿಸಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ, ಕ್ಯೂಟಿ (ಕಿಟಕಿ, ಗುಂಡಿಗಳನ್ನು ಮೂಡಿಸುವ ಲೈಬ್ರರಿ) ಬಳಸುವ ಪರದೆಯ ಕಡತಗಳ ಸರದಿಯಲ್ಲಿ ಸಿ ಪ್ಲಸ್ ಪ್ಲಸ್ ಕಂಪೈಲರ್ ಆದ ಸಿಸಿ1ಪ್ಲಸ್ ‘ಕಿಲ್ಡ್’ ಎಂಬ ಒಂದೇ ಪದ ಬಿಟ್ಟು ಸತ್ತಿತ್ತು. ಸೋರ್ಸ್ ಕೆಟ್ಟಿರಬೇಕೆಂದು ಮತ್ತೆ ಇಳಿಸಿಕೊಂಡೆ, ಕಂಪೈಲರ್ ಬದಲಿಸಿದೆ, ಮೂರು ಬಾರಿ ಮೊದಲಿನಿಂದ ಶುರು ಮಾಡಿದೆ; ಪ್ರತಿ ಬಾರಿಯೂ ಬೇರೆ ಬೇರೆ ಕಡತದಲ್ಲಿ ನಿಂತದ್ದನ್ನು ಕಂಡ ಮೇಲಷ್ಟೇ ಡಿಮೆಸೇಜ್ (ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವ ಸಂದೇಶಗಳು) ನೋಡುವ ಬುದ್ಧಿ ಬಂತು. ಮೆಮೊರಿ ಸಾಲದೆ ಕರ್ನಲ್ಲೇ ಕೊಂದಿತ್ತು. ಡಿಸ್ಕಿನ ಜಾಗವನ್ನೇ ಮೆಮೊರಿಯಂತೆ ಬಳಸುವ 8 ಜಿಬಿ ಸ್ವಾಪ್ ಕಡತ ಸೇರಿಸಿದರೆ, ಕೊಲ್ಲುವುದು ನಿಂತಿತಾದರೂ ಡಿಸ್ಕಿನ ದೀಪ ರಾತ್ರಿಯಿಡೀ ಆರಲಿಲ್ಲ, ಬೆಳಿಗ್ಗೆ ಮೌಸ್ ಕೂಡ ಅಲುಗಾಡುತ್ತಿರಲಿಲ್ಲ.

ದುಡ್ಡು ಕಳೆದದ್ದನ್ನೂ ಹೇಳಿಬಿಡುತ್ತೇನೆ. ಮೊದಲು ಕೊಂಡದ್ದು ಬಳಸಿದ ಡಿಡಿಆರ್4 ರ‍್ಯಾಮ್ ಕಡ್ಡಿ. ನನ್ನ ಬೋರ್ಡ್ ಡಿಡಿಆರ್3. ಕಡ್ಡಿಯ ಕೆಳಗಿನ ಕಚ್ಚು ಸ್ಲಾಟಿನ ಗೆಣ್ಣಿಗಿಂತ ತುಸು ಪಕ್ಕಕ್ಕಿದ್ದುದನ್ನು ಒತ್ತಲು ಹೋದಾಗಲೇ ನೋಡಿದ್ದು. ಮಾರಿದವರು ವಾಪಸು ಪಡೆಯಲಿಲ್ಲ, ಅದು ಇಂದಿಗೂ ಮೇಜಿನ ಡ್ರಾಯರಿನಲ್ಲಿದೆ. ನಂತರ ಒಂದು ದಿನದ ಮಟ್ಟಿಗೆ 16 ಕೋರಿನ ಸರ್ವರ್ ಬಾಡಿಗೆಗೆ ಹಿಡಿದೆ. ಅಲ್ಲಿ 5-6 ನಿಮಿಷದಲ್ಲಿ ಎಲ್ಲ ಮುಗಿಯಿತು, ಆದರೆ ಮನೆಗೆ ತಂದ ಬೈನರಿ (ಕಂಪೈಲ್ ಆದ ಪ್ರೋಗ್ರಾಮ್) ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂದು ಹಟ ಹಿಡಿಯಿತು. ಸರ್ವರಿನ ಡಿಸ್ಟ್ರೊ (ಲಿನಕ್ಸ್ ಆವೃತ್ತಿ) ನನ್ನದಕ್ಕಿಂತ ಹೊಸದಿತ್ತು, ಅದರ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯೂ ಹೊಸದು. ಎರಡೂ ಸೇರಿ ಹಾಳಾದ ಹಣ ಈ ಹಳೆಯ ಡೆಸ್ಕ್‌ಟಾಪನ್ನು ಮಾರಿದರೆ ಬರುವುದರ ಮೂರನೇ ಒಂದು ಭಾಗವಾದರೂ ಆದೀತು.

ಕೊನೆಗೆ ಫಲಿಸಿದ ಉಪಾಯಕ್ಕೆ ಕಾಸು ಖರ್ಚಾಗಲಿಲ್ಲ. ನಿಂಜಾ ತಾನಾಗಿ ಥ್ರೆಡ್‌ಗಳ ಸಂಖ್ಯೆಗೆ ಎರಡು ಸೇರಿಸಿ, ನನ್ನ ಯಂತ್ರದಲ್ಲಿ 6 ಕೆಲಸಗಳನ್ನು ಒಟ್ಟಿಗೆ ಹಚ್ಚುತ್ತಿತ್ತು. ಡಿಸೆಕ್ಟರ್‌ಗಳು (ಜಾಲದ ಒಂದೊಂದು ಪ್ರೊಟೊಕಾಲನ್ನು ಬಿಡಿಸಿ ಓದುವ ಕೋಡು) ಸಾವಿರಕ್ಕೂ ಹೆಚ್ಚಿದ್ದರೂ ಸಿ ಭಾಷೆಯವಾದ್ದರಿಂದ ಮೆಮೊರಿಯನ್ನು ಅಷ್ಟಾಗಿ ತಿನ್ನುವುದಿಲ್ಲ. ತಿನ್ನುವವು ಕ್ಯೂಟಿಯ ಸಿ ಪ್ಲಸ್ ಪ್ಲಸ್ ಕಡತಗಳು. ಆದ್ದರಿಂದ ಮೊದಲು ಕಿಟಕಿಗಳಿಲ್ಲದೆ ಓಡುವ ಟಿಶಾರ್ಕ್ ಮತ್ತು ಜಾಲದಿಂದ ದತ್ತಾಂಶ ಸೆರೆಹಿಡಿಯುವ ಡಂಪ್‌ಕ್ಯಾಪ್ ಗುರಿಗಳನ್ನಷ್ಟೇ ಹೆಸರಿಸಿ 3 ಕೆಲಸಗಳಲ್ಲಿ ಕಟ್ಟಿದೆ, ಆಮೇಲೆ ಅದೇ ಫೋಲ್ಡರಿನಲ್ಲಿ ವೈರ್‌ಶಾರ್ಕ್ ಗುರಿಯನ್ನು ಒಂದೇ ಕೆಲಸದಲ್ಲಿ ಕಟ್ಟಿದೆ. ಮೊದಲನೆಯದಕ್ಕೆ ಸುಮಾರು 55 ನಿಮಿಷ, ಎರಡನೆಯದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬಿಲ್ಡ್ ಟೈಪನ್ನು ರಿಲೀಸ್ ಎಂದು ಬದಲಿಸಿ ಡೀಬಗ್ ಮಾಹಿತಿಯನ್ನು ಕೈಬಿಟ್ಟದ್ದರಿಂದ, ನೆನಪಿರುವಂತೆ 3 ಜಿಬಿಯ ಹತ್ತಿರವಿದ್ದ ಬಿಲ್ಡ್ ಫೋಲ್ಡರ್ 1 ಜಿಬಿಯೊಳಕ್ಕೆ ಇಳಿಯಿತು. ಝಡ್‌ರ‍್ಯಾಮಿಗೆ (ಮೆಮೊರಿಯಲ್ಲೇ ಮಾಹಿತಿಯನ್ನು ಕುಗ್ಗಿಸಿಡುವ ಸ್ವಾಪ್) ಎಷ್ಟು ಕೊಟ್ಟೆ, ಯಾವ ಎರಡು ಕಡತಗಳನ್ನು ಎಲ್ಲಕ್ಕಿಂತ ಮೊದಲು ಒಂಟಿಯಾಗಿ ಮುಗಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆ ಗೆಳೆಯರಿಗೂ ಹೇಳಿಲ್ಲ.

ಗೆದ್ದ ಹುಮ್ಮಸ್ಸಿನಲ್ಲಿ, ನನಗೆ ಬೇಡದ ಡಿಸೆಕ್ಟರ್‌ಗಳನ್ನು ಸಿಮೇಕ್ ಪಟ್ಟಿಯಿಂದ ಕಿತ್ತುಹಾಕಿ ಸಮಯ ಉಳಿಸಲೂ ನೋಡಿದೆ. ಮೊಬೈಲ್ ಜಾಲಗಳಿಗೆ ಸಂಬಂಧಿಸಿದ ಸುಮಾರು 40 ಕಡತ ತೆಗೆದಾಗ ಕಂಪೈಲ್ ಆಯಿತು, ಲಿಂಕ್ ಆಗಲಿಲ್ಲ, ಅಂದರೆ ಕಂಪೈಲ್ ಆದ ತುಣುಕುಗಳು ಒಂದಾಗಿ ಕೂಡಲಿಲ್ಲ. ಒಂದು ಡಿಸೆಕ್ಟರ್ ಇನ್ನೊಂದರ ಫಂಕ್ಷನ್ನನ್ನು ನೇರವಾಗಿ ಕರೆಯುವುದರಿಂದ ಒಂದು ಎಳೆ ಎಳೆದರೆ ಇಡೀ ಗಂಟೇ ಬಿಚ್ಚಿಕೊಳ್ಳುತ್ತಿತ್ತು. ಎಲ್‌ಟಿಒ (ಲಿಂಕ್ ಮಾಡುವಾಗ ಇಡೀ ಕೋಡನ್ನು ಒಟ್ಟಿಗೆ ಚುರುಕುಗೊಳಿಸುವ ಆಯ್ಕೆ) ಹಚ್ಚಿದಾಗ ಲಿಂಕರ್ ಒಂದೇ ಎಲ್ಲ ಮೆಮೊರಿಯನ್ನೂ ನುಂಗಿತು. ಹಿಂದೆ ಕಂಪೈಲ್ ಆದದ್ದನ್ನು ಕೂಡಿಟ್ಟು ಮತ್ತೆ ಕೊಡುವ ಸಿಕ್ಯಾಶ್ ಮಾತ್ರ ಉಳಿದುಕೊಂಡಿದೆ: ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಕಟ್ಟಿದರೆ ಈಗ 10 ನಿಮಿಷವೂ ಬೇಕಾಗುವುದಿಲ್ಲ.

ಕಟ್ಟಿದ ಮೇಲೂ ಒಂದು ಕಾಟ ಉಳಿದಿತ್ತು. ಸ್ಥಾಪಿಸಿದ ಫೋಲ್ಡರನ್ನು ಬೇರೆ ಜಾಗಕ್ಕೆ ಸಾಗಿಸಿ, ಎಲ್‌ಡಿ ಲೈಬ್ರರಿ ಪಾತ್ ಎಂಬ ವೇರಿಯಬಲ್ ಮೂಲಕ ಲೈಬ್ರರಿಗಳ ದಾರಿ ತೋರಿಸಿದಾಗ ಟಿಶಾರ್ಕ್ ಹಳೆಯ ಸೆರೆಹಿಡಿತದ ಕಡತಗಳನ್ನು ಚೆನ್ನಾಗಿಯೇ ತೆರೆಯಿತು, ಆದರೆ ಡಂಪ್‌ಕ್ಯಾಪ್ ತನ್ನ ಲಿಬ್‌ಡಬ್ಲ್ಯೂಎಸ್‌ಯುಟಿಲ್ ಲೈಬ್ರರಿ ಸಿಗಲಿಲ್ಲವೆಂದು ಬಿದ್ದುಹೋಯಿತು. ಸೆಟ್‌ಕ್ಯಾಪ್ ಆದೇಶದ ಮೂಲಕ, ಡಂಪ್‌ಕ್ಯಾಪಿನಂತೆ, ವಿಶೇಷ ಅನುಮತಿ ಪಡೆದ ಬೈನರಿಗೆ ಲೋಡರ್ (ಪ್ರೋಗ್ರಾಮ್ ಶುರುವಾಗುವಾಗ ಲೈಬ್ರರಿ ಹುಡುಕಿಕೊಡುವ ಭಾಗ) ಆ ಪಾತ್ ವೇರಿಯಬಲ್ಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಲೈಬ್ರರಿಯ ಜಾಗವನ್ನು ಎಲ್‌ಡಿ ಕಾನ್ಫಿಗ್ ಪಟ್ಟಿಗೆ ಸೇರಿಸಿದೊಡನೆ ಸರಿಹೋಯಿತು. ಮರುಸ್ಥಾಪಿಸಿದಾಗಲೆಲ್ಲ ಹೊಸ ಡಂಪ್‌ಕ್ಯಾಪ್ ಅನುಮತಿಯಿಲ್ಲದೆ ಬರುವುದರಿಂದ, ನಿಂಜಾ ಇನ್‌ಸ್ಟಾಲ್ ಓಡಿಸುವ ನನ್ನ ಸ್ಕ್ರಿಪ್ಟಿನ ಮುಂದಿನ ಸಾಲಿನಲ್ಲೇ ಸೆಟ್‌ಕ್ಯಾಪ್ ಆದೇಶವನ್ನೂ ಬರೆದಿಟ್ಟಿದ್ದೇನೆ.