ಸಿಮೆಂಟ್ ಕಿತ್ತು ಗಾರೆ ಹಾಕಿದೆ, ಕಮಾನು ನಿಂತಿತು

ಕೊಡಗಿನ ಸುಂಟಿಕೊಪ್ಪ ಕಡೆ ನಮ್ಮ ಕಾಫಿ ತೋಟದ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಹಳೇ ಕಲ್ಲಿನ ಸೇತುವೆ ಇದೆ. ಒಂದೇ ಕಮಾನು, ಹನ್ನೆರಡು ಅಡಿ ಇರಬಹುದು. ಎತ್ತಿನ ಗಾಡಿ ಕಾಲದ್ದು. 2018ರ ಆಗಸ್ಟ್ ಮಳೆಗೆ ಒಂದು ಬದಿ ಉಬ್ಬಿತು. ಕೆಡವಿ ಪೈಪ್ ಹಾಕಿ, ಆರು ಲಕ್ಷದಲ್ಲಿ ಮುಗಿಯುತ್ತೆ ಅಂದರು. ಸುಣ್ಣದ ಗಾರೆಯಲ್ಲಿ ರಿಪೇರಿ ಮಾಡೋಣ ಅಂದಿದ್ದಕ್ಕೆ ಮೇಸ್ತ್ರಿ ನಕ್ಕ. "ಆ ಕಾಲ ಹೋಯ್ತು ಸಾರ್, ಸಿಮೆಂಟ್ ತರಿಸಿ."

ಉಬ್ಬಿಸಿದ್ದೇ ಸಿಮೆಂಟ್. ಹಿಂದೆ ಯಾರೋ ಕಲ್ಲಿನ ಸಂದು, ಒಳಗಿನ ನೀರು ಹೊರಗೆ ಹೋಗುವ ನೀರುಕಂಡಿ ಎಲ್ಲಾ ಮೆತ್ತಿ ಮುಚ್ಚಿದ್ದರು. ಒಳಗಿನ ಮಣ್ಣು ನೀರು ಕುಡಿದು ಗೋಡೆಯನ್ನು ಹೊರಗೆ ತಳ್ಳಿತ್ತು. ಅದನ್ನು ಉಳಿಯಲ್ಲಿ ಕೆತ್ತಿ ತೆಗೆಯೋಕೇ ಕೂಲಿಯ ಕಾಲು ಭಾಗ ಹೋಯಿತು. ಸಂದಿನಲ್ಲಿ ಬೆಳೆದ ಗೋಳಿ ಮರದ ಬೇರನ್ನು ಎಳೆಯಬೇಡಿ, ಕಲ್ಲೂ ಜೊತೆಗೆ ಬರುತ್ತೆ. ಕತ್ತರಿಸಿ ಒಳಗೇ ಬಿಟ್ಟು ಸಾಯಿಸಬೇಕು. ಏನು ಹಾಕಿ ಸಾಯಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಅಂಗಡಿಯ ಚೀಲದ ಪುಡಿ ಸುಣ್ಣ ಗೋಡೆಗೆ ಬಳಿಯೋಕೆ ಸರಿ, ಇದಕ್ಕಲ್ಲ. ಮಂಗಳೂರು ಕಡೆಯಿಂದ ಸುಟ್ಟ ಚಿಪ್ಪು ತರಿಸಿ ಗುಂಡಿಯಲ್ಲಿ ನೀರು ಹಾಕಿ ಅರಳಿಸಿದೆ. ಸುಣ್ಣಕ್ಕಿಂತ ಲಾರಿ ಬಾಡಿಗೆಯೇ ಜಾಸ್ತಿ! ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಮರಳಲ್ಲಿ ಸ್ವಲ್ಪ ಕಡಿಮೆ ಮಾಡಿ ಆ ಜಾಗಕ್ಕೆ ಇಟ್ಟಿಗೆ ಪುಡಿ. ಅಳಲೆಕಾಯಿ, ಬೆಲ್ಲ ಕೊಳೆಸಿದ ನೀರು. ಅದರ ಅಳತೆ ಬೇಕಿದ್ದರೆ ತೋಟಕ್ಕೆ ಬನ್ನಿ, ಕಾಫಿ ಕುಡಿಯುತ್ತಾ ಮಾತಾಡೋಣ.

ಮೊದಲ ಸಲ ಬದಿ ಕಟ್ಟಿ ಮುಗಿಸುವಷ್ಟರಲ್ಲಿ, ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಂತು. ಅಕ್ಕಪಕ್ಕದ ತೋಟದವರಿಗೆ ಹಬ್ಬ. ನನ್ನ ಹಸಿ ಗಾರೆ ಹಾಲಿನ ಹಾಗೆ ತೋಡಿಗೆ ಇಳಿಯಿತು. ಸುಮಾರು ಮೂವತ್ತು ಸಾವಿರ ನೀರುಪಾಲು. ಮುಂದಿನ ವರ್ಷ ಕುಯ್ಲು ಮುಗಿಯಲಿ ಅಂತ ಕಾಯಲಿಲ್ಲ. ಜನವರಿಯಲ್ಲೇ ಶುರು ಮಾಡಿ, ಮೇಲೆ ಟಾರ್ಪಾಲು ಕಟ್ಟಿ, ಒದ್ದೆ ಗೋಣಿ ಹೊದಿಸಿದೆ.

ನಡುವೆ ಭತ್ತದ ಹೊಟ್ಟಿನ ಬೂದಿಯನ್ನೂ ಬೆರೆಸಿ ನೋಡಿದೆ. ಗಟ್ಟಿಯೇನೋ ಬೇಗ ಆಯಿತು, ಬಣ್ಣ ಮಾತ್ರ ಎಮ್ಮೆ ಕಪ್ಪು. ನೀರಿನೊಳಗಿನ ಕಾಲುಗಳಿಗೆ ಅದನ್ನೇ ಹಾಕಿದ್ದೇನೆ, ಅಲ್ಲಿ ಯಾರು ನೋಡ್ತಾರೆ?

ಕಮಾನಿನ ನೆತ್ತಿಯಲ್ಲಿ ನಾಲ್ಕೈದು ಕಲ್ಲು ಸಡಿಲವಿತ್ತು. ತೋಟದ್ದೇ ಸಿಲ್ವರ್ ಓಕ್ ಮರದ ಹಲಗೆಯಲ್ಲಿ ಸೆಂಟ್ರಿಂಗ್ ಹೊಡೆಸಿ, ಕಲ್ಲುಗಳನ್ನು ಬಿಗಿಯಾಗಿ ಕೂರಿಸಿ, ಸಂದಿಗೆ ಚಕ್ಕೆ ಬಡಿದೆವು. ತಿಂಗಳು ಬಿಟ್ಟು ಸೆಂಟ್ರಿಂಗ್ ಕೆಳಗಿನ ಬೆಣೆಗಳನ್ನು ದಿನಕ್ಕಿಷ್ಟು ಸಡಿಲಿಸಿದೆವು. ಕಮಾನು ಕೂದಲೆಳೆಯಷ್ಟು ಇಳಿದು ಬಿಗಿಯಾಯಿತು. ಹಲಗೆ ತೆಗೆಯುವಾಗ ನಾನೇ ಕೆಳಗೆ ನಿಂತಿದ್ದೆ. ಮೇಸ್ತ್ರಿ ದಡದಲ್ಲಿದ್ದ.

ಹಾಳಾದದ್ದೂ ಸೇರಿ ಒಂದೂಮುಕ್ಕಾಲು ಲಕ್ಷ ಆಗಿರಬೇಕು. ಆಮೇಲಿನ ಮಳೆಗಾಲಗಳಲ್ಲಿ ನೀರುಕಂಡಿಯಿಂದ ನೀರು ಸರಾಗವಾಗಿ ಬಿತ್ತು, ಗೋಡೆ ಅಲುಗಲಿಲ್ಲ. ಕಾಫಿ ಮೂಟೆ ತುಂಬಿದ ಪಿಕಪ್ ದಿನವೂ ಹೋಗುತ್ತೆ. ಲಾರಿ ಮಾತ್ರ ಬಿಡುವುದಿಲ್ಲ. ಆ ಮೇಸ್ತ್ರಿ ಈಗ ಗಾರೆ ಕೆಲಸ ಅಂತ ಬೇರೆ ತೋಟದವರ ಹತ್ತಿರ ದಿನಕ್ಕೆ ಇನ್ನೂರು ರೂಪಾಯಿ ಹೆಚ್ಚಿಗೆ ಕೇಳುತ್ತಾನಂತೆ.